ಲಿವರಿಗೂ ಹಾಜರಿ ಹಾಕಿದವರು

ನಮ್ಮ ಕಡೆ ಎದುರಿಗೆ ಸಿಕ್ಕವರನ್ನು ‘ಊಟ ಆಯ್ತಾ’ ಎಂದು ಕೇಳುವುದು ರೂಢಿ. ಕೇಳಿದವರಿಗೆ ಉತ್ತರ ಬೇಕಿರುವುದಿಲ್ಲ, ಹೇಳುವವರೂ ನಿಜ ಹೇಳಬೇಕಾಗಿಲ್ಲ. ತಲೆತಲಾಂತರದಿಂದ ಸುಗಮವಾಗಿ ನಡೆದು ಬಂದ ಈ ವ್ಯವಹಾರವನ್ನು ಕೆಡಿಸಿದ ಮನುಷ್ಯ ನನಗೆ ಗೊತ್ತಿದ್ದವರು ಒಬ್ಬರೇ. ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಾನು ಕೆಲಸ ಮಾಡುವ ಫ್ಯಾಕ್ಟರಿಯ ಟೈಮ್ ಆಫೀಸಿನಲ್ಲಿ ಗುಮಾಸ್ತರಾಗಿದ್ದವರು. ಅವರು ‘ಊಟ ಆಯ್ತಾ’ ಎನ್ನುತ್ತಿರಲಿಲ್ಲ, ‘ಎಷ್ಟು ಗಂಟೆಗೆ ಆಯ್ತು’ ಎನ್ನುತ್ತಿದ್ದರು. ‘ಈಗ ಆಯ್ತು ಸಾ’ ಎಂದು ಜಾರಿಕೊಳ್ಳಲು ನೋಡಿದರೆ ‘ಈಗ ಅಂದ್ರೆ?’ ಎಂದು ಕಾಯುತ್ತಾ ನಿಲ್ಲುತ್ತಿದ್ದರು. ನಿಮಿಷದ ಲೆಕ್ಕ ಸಿಗುವ ತನಕ ಮುಂದಕ್ಕೆ ಬಿಡುತ್ತಿರಲಿಲ್ಲ.

ಹೋದ ತಿಂಗಳು ಅವರು ತೀರಿಕೊಂಡರು. ಮಧ್ಯಾಹ್ನ ಹನ್ನೆರಡೂವರೆಗೆ ಊಟ ಮುಗಿಸಿ ಸೋಸಲೆಯ ತಮ್ಮ ಮನೆಯ ಜಗಲಿಯ ಮೇಲೆ ಒರಗಿದವರು ಮತ್ತೆ ಏಳಲಿಲ್ಲವಂತೆ. ನಮ್ಮ ಫ್ಯಾಕ್ಟರಿಯ ವಾಟ್ಸಾಪ್ ಗುಂಪಿನಲ್ಲಿ ಕೈಮುಗಿದ ಚಿತ್ರಗಳ ಮಳೆ ಸುರಿಯಿತು. ಅದರ ನಡುವೆ ಒಬ್ಬ ಬುದ್ಧಿವಂತ, ‘ಟೈಮಿಗೆ ಸರಿಯಾಗಿ ಉಂಡೋರೂ ಹೋದ್ರು, ಇನ್ನು ನಾವು ಬೇಕಾದಾಗ ಉಣ್ಣೋಣ ಬಿಡ್ರಪ್ಪ’ ಎಂದು ಬರೆದ. ಅದಕ್ಕೆ ನಗುವ ಮುಖ ಹಾಕಿದವರಲ್ಲಿ ನಾನೂ ಒಬ್ಬ. ಸ್ವಲ್ಪ ಹೊತ್ತಿಗೆ ನಾಚಿಕೆಯಾಗಿ ಅಳಿಸಿದೆ. ಅಷ್ಟರಲ್ಲಿ ಎಲ್ಲರೂ ನೋಡಿಯಾಗಿತ್ತು.

ಫ್ಯಾಕ್ಟರಿಯ ಬದುಕು ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಟೈಮ್ ಆಫೀಸ್ ಎಂದರೆ ಗೇಟಿನ ಪಕ್ಕದ ಸಣ್ಣ ಕೋಣೆ. ಯಾರು ಎಷ್ಟು ಗಂಟೆಗೆ ಬಂದರು, ಎಷ್ಟಕ್ಕೆ ಹೋದರು, ಯಾರಿಗೆ ಯಾವ ವಾರ ಯಾವ ಶಿಫ್ಟು ಎಂಬುದೆಲ್ಲ ಅಲ್ಲಿ ತೀರ್ಮಾನವಾಗುತ್ತದೆ. ಮ್ಯಾನೇಜರನ್ನು ಬೈದುಕೊಂಡು ಬದುಕಬಹುದು, ಟೈಮ್ ಆಫೀಸಿನವರನ್ನು ಎದುರು ಹಾಕಿಕೊಂಡು ಬದುಕುವುದು ಕಷ್ಟ. ಇವರೋ ಆ ಕೋಣೆಯಲ್ಲಿ ಇಪ್ಪತ್ತೈದಕ್ಕೂ ಹೆಚ್ಚು ವರ್ಷ ಕುಳಿತವರು. ಕುತ್ತಿಗೆಯವರೆಗೂ ಗುಂಡಿ ಹಾಕಿದ ಅಂಗಿ, ಬೆರಳು ನಾಲಗೆಗೆ ತಾಗಿಸಿ ಹಾಳೆ ತಿರುಗಿಸುವ ಅಭ್ಯಾಸ. ಕಂಪ್ಯೂಟರು ಬಂದ ಮೇಲೂ ಆ ಬೆರಳು ಒಮ್ಮೆ ನಾಲಗೆಗೆ ಹೋಗಿಯೇ ಮೌಸಿನ ಮೇಲೆ ಕೂರುತ್ತಿತ್ತು. ಅವರು ರಜೆ ಹಾಕಿದ ದಿನ ಆ ಮೌಸನ್ನು ಮುಟ್ಟಲು ಬೇರೆಯವರು ಹಿಂದೆ ಮುಂದೆ ನೋಡುತ್ತಿದ್ದರು.

ಅವರು ಯಾರನ್ನೂ ಹೆಸರು ಹಿಡಿದು ಕರೆದವರಲ್ಲ, ಟೋಕನ್ ನಂಬರಿನಿಂದಲೇ ಎಲ್ಲರ ಗುರುತು. ನಾನು ಇನ್ನೂರ ಹದಿನೇಳು. ನಮ್ಮಪ್ಪ ತೀರಿಕೊಂಡಾಗ ತಿ. ನರಸೀಪುರದ ನಮ್ಮ ಮನೆಗೆ ಮಾತಾಡಿಸಿಕೊಂಡು ಹೋಗಲು ಬಂದವರು, ಬಾಗಿಲಲ್ಲಿ ನಿಂತು ಅಮ್ಮನನ್ನು ‘ಇನ್ನೂರ ಹದಿನೇಳು ಇದ್ದಾರಾ’ ಎಂದು ಕೇಳಿದರು. ಅಮ್ಮ ಕರೆಂಟಿನವರು ಇರಬೇಕೆಂದು ಮೀಟರ್ ಬೋರ್ಡು ತೋರಿಸಿದರು. ಇವರು ಅದನ್ನೂ ಒಮ್ಮೆ ಗಂಭೀರವಾಗಿ ನೋಡಿ, ಒಳಗೆ ಬಂದು ನನ್ನ ಪಕ್ಕ ಕೂತು, ಒಂದು ಗಂಟೆ ಕಾಲ ಒಂದೇ ಒಂದು ಮಾತೂ ಆಡದೆ ಎದ್ದು ಹೋದರು. ಆ ದಿನ ಬಂದವರಲ್ಲಿ ಬಾಯಿ ಮುಚ್ಚಿಕೊಂಡು ಕೂತವರು ಅವರೊಬ್ಬರೇ ಎಂಬುದನ್ನು ನಾನು ಮರೆತಿಲ್ಲ.

ಅವರಿಗೆ ಈ ಊಟದ ಹೊತ್ತಿನ ಹುಚ್ಚು ಹಿಡಿದದ್ದು ಕಂಪನಿಯ ಕೃಪೆಯಿಂದಲೇ. ಒಂದು ವರ್ಷ ಮೈಸೂರಿನಿಂದ ಒಬ್ಬ ಡಾಕ್ಟರನ್ನು ಕರೆಸಿ, ನೈಟ್ ಶಿಫ್ಟು ಮುಗಿಸಿದವರನ್ನು ಬೆಳಗ್ಗೆ ಮನೆಗೆ ಬಿಡದೆ ಮೀಟಿಂಗ್ ಹಾಲಿನಲ್ಲಿ ಕೂರಿಸಿ ಉಪನ್ಯಾಸ ಕೊಡಿಸಿದರು. ವಿಷಯ, ನಿದ್ದೆ ಮತ್ತು ಆರೋಗ್ಯ. ಕೇಳುಗರು ವಿಷಯದ ಮೊದಲರ್ಧವನ್ನು ಅಲ್ಲೇ ಆಚರಣೆಗೆ ತಂದರು. ಹಾಜರಿ ಹಾಕಲು ಕೂತಿದ್ದ ಇವರು ಮಾತ್ರ ಎಚ್ಚರವಾಗಿದ್ದರು. ಎಚ್ಚರವಾಗಿದ್ದ ತಪ್ಪಿಗೆ ಪೂರ್ತಿ ಕೇಳಿಸಿಕೊಂಡರು. ಕೇಳಿಸಿಕೊಂಡದ್ದಲ್ಲದೆ ಡಾಕ್ಟರನ್ನು ಗೇಟಿನ ತನಕ ಹಿಂಬಾಲಿಸಿ, ಅವರ ಬಳಿ ಇದ್ದ ಕಾಗದಗಳನ್ನು ಈಸಿಕೊಂಡು, ಇಂಗ್ಲಿಷ್ ಡಿಕ್ಷನರಿ ಇಟ್ಟುಕೊಂಡು ತಿಂಗಳುಗಟ್ಟಲೆ ಓದಿದರು. ಅಲ್ಲಿಂದ ಮುಂದೆ ನಮ್ಮ ಗ್ರಹಚಾರ ಶುರುವಾಯಿತು.

ಅವರು ಓದಿದ್ದನ್ನು ಅವರಿಗೆ ಗೊತ್ತಿದ್ದ ಒಂದೇ ಭಾಷೆಯಲ್ಲಿ, ಅಂದರೆ ಟೈಮ್ ಆಫೀಸಿನ ಭಾಷೆಯಲ್ಲಿ ಹೇಳುತ್ತಿದ್ದರು. ತಲೆಯೊಳಗೆ ಒಂದು ಹೆಡ್ ಆಫೀಸ್ ಇದೆ. ಕಣ್ಣಿಗೆ ಬೆಳಕು ಬಿದ್ದರೆ ಅದು ಬೆಳಗಾಯಿತೆಂದು ಬರೆದುಕೊಳ್ಳುತ್ತದೆ. ಆದರೆ ಲಿವರಿಗೆ, ಪ್ಯಾಂಕ್ರಿಯಾಸಿಗೆ, ಹೊಟ್ಟೆಯ ಕೊಬ್ಬಿಗೆ, ಅಷ್ಟೇಕೆ ಒಂದೊಂದು ಜೀವಕೋಶಕ್ಕೂ ಬೇರೆ ಬೇರೆ ಹಾಜರಿ ಪುಸ್ತಕ, ಅಂದರೆ ಮಸ್ಟರು ರೋಲು, ಇದೆ. ಸಕ್ಕರೆ ಸುಡುವುದು ಯಾವಾಗ, ಕೂಡಿಡುವುದು ಯಾವಾಗ, ರಿಪೇರಿ ಕೆಲಸ ಯಾವಾಗ ಎಂದು ಜೀವಕೋಶಕ್ಕೆ ಹೇಳುವುದು ಈ ಗಡಿಯಾರ. ರಾತ್ರಿ ಇನ್ಸುಲಿನ್ನಿನ ಕೌಂಟರಿನಲ್ಲಿ ಜನ ಕಡಿಮೆ. ಆಗ ಹೋಗಿ ಅನ್ನ ಸುರಿದರೆ ಸಕ್ಕರೆ ರಕ್ತದಲ್ಲೇ ಕ್ಯೂ ನಿಲ್ಲುತ್ತದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾವು ತಲೆದೂಗಿ ಸುಮ್ಮನಾಗುತ್ತಿದ್ದೆವು. ಅವರಿಗೆ ಮುಖ್ಯವಾದದ್ದು ಇದರ ಇನ್ನೊಂದು ಮಗ್ಗುಲು. ಗಡಿಯಾರ ಅಡುಗೆಮನೆಗೆ ಅಪ್ಪಣೆ ಕೊಡುತ್ತದೆ, ಸರಿ. ಆದರೆ ಅಡುಗೆಮನೆಯೂ ಗಡಿಯಾರದ ಮುಳ್ಳು ತಿರುಗಿಸುತ್ತದೆ. ಲಿವರು ಕಿಟಕಿಯಿಂದ ಸೂರ್ಯನನ್ನು ನೋಡುವುದಿಲ್ಲ, ತುತ್ತು ಬಂತಾ ಎಂದು ನೋಡುತ್ತದೆ. ಜೀವಕೋಶದಲ್ಲಿ ಉರುವಲು ಎಷ್ಟಿದೆ, ಎಷ್ಟು ಉರಿಯಿತು ಎಂಬುದರ ಮೇಲೆ ಅದರ ಗಡಿಯಾರ ಹಿಂದೆ ಮುಂದೆ ಸರಿಯುತ್ತದೆ. ರಾತ್ರಿ ಎರಡು ಗಂಟೆಗೆ ಉಂಡರೆ ತಲೆ ‘ಈಗ ರಾತ್ರಿ’ ಎಂದು ಬರೆದುಕೊಂಡಿರುತ್ತದೆ, ಲಿವರು ‘ಮಧ್ಯಾಹ್ನ’ ಎಂದು ಬರೆದುಕೊಂಡಿರುತ್ತದೆ.

‘ಒಂದೇ ಮೈಯೊಳಗೆ ಎರಡು ಮಸ್ಟರು ರೋಲು ಇಟ್ಕಂಡು ಎಷ್ಟು ದಿನ ನಡಸ್ತೀರಿ?’ ಎಂದು ಅವರು ಕೇಳುತ್ತಿದ್ದರು.

ನಡೆದಷ್ಟು ದಿನ ನಡೆಸುವುದು ಎಂಬುದು ನಮ್ಮ ಉತ್ತರವಾಗಿತ್ತು. ಅವರು ಉಪದೇಶ ಮಾಡುವುದಕ್ಕೆ ಒಂದು ದೊಡ್ಡ ಅಡ್ಡಿಯೂ ಇತ್ತು. ಟೈಮ್ ಆಫೀಸಿನವರಿಗೆ ವರ್ಷವಿಡೀ ಫಸ್ಟ್ ಶಿಫ್ಟು. ಸೋಸಲೆಯಿಂದ ಮೊಪೆಡ್ಡಿನಲ್ಲಿ ನರಸೀಪುರಕ್ಕೆ ಬಂದು ಬೆಳಗಿನ ಫ್ಯಾಕ್ಟರಿ ಬಸ್ಸು ಹಿಡಿದರೆ ಮಧ್ಯಾಹ್ನ ವಾಪಸು. ಜೀವಮಾನದಲ್ಲಿ ಒಂದು ನೈಟೂ ಮಾಡದ ಮನುಷ್ಯ ನೈಟಿನವರಿಗೆ ಊಟ ಕಲಿಸುವುದು ಯಾರಿಗೆ ತಾನೇ ರುಚಿಸುತ್ತದೆ? ಸಂಜೆ ಆರೂವರೆಗೆ ಉಂಡು ಎಂಟೂವರೆಗೆ ಮಲಗುವ ಅವರನ್ನು ‘ಕೋಳಿ’ ಎಂದು ಕರೆಯುತ್ತಿದ್ದೆವು, ಹಿಂದಿನಿಂದ.

ನನ್ನ ಜೊತೆ ಕ್ರೇನು ನಡೆಸುತ್ತಿದ್ದ ಬದನವಾಳಿನ ಮಾದೇಶನ ಮಗಳ ಮದುವೆಯ ಆರತಕ್ಷತೆ ನರಸೀಪುರದ ಛತ್ರದಲ್ಲಿ ನಡೆಯಿತು. ಏಳೂವರೆಗೆ ಎಂದು ಪತ್ರಿಕೆಯಲ್ಲಿದ್ದುದರಿಂದ ಜನ ಒಂಬತ್ತಕ್ಕೆ ಬಂದರು. ಇವರು ಆರಕ್ಕೇ ಬಂದು, ಹುಡುಗಿಗೆ ಇನ್ನೂ ಸೀರೆ ಉಡಿಸುತ್ತಿರುವಾಗಲೇ ಅಡುಗೆಯವರ ಬಳಿ ಹೋಗಿ ಎಲೆ ಹಾಕಿ ಎಂದರು. ಅಡುಗೆಯವರು ತಮಗೆಂದು ಮಾಡಿಕೊಂಡಿದ್ದ ಉಪ್ಪಿಟ್ಟು ಬಡಿಸಿದರು. ಅದನ್ನೇ ತೃಪ್ತಿಯಾಗಿ ತಿಂದು, ಮುಯ್ಯಿ ಕವರನ್ನು ಹುಡುಗಿಯ ಕೋಣೆಯ ಬಾಗಿಲ ಸಂದಿಯಲ್ಲಿ ತೂರಿಸಿ, ಕತ್ತಲಾಗುವುದರೊಳಗೆ ಹೊರಟುಹೋದರು. ಮಾದೇಶ ಈಗಲೂ ಹೇಳುತ್ತಾನೆ, ಆ ಛತ್ರದಲ್ಲಿ ಊಟ ಚೆನ್ನಾಗಿತ್ತು ಎಂದವರು ಅವರೊಬ್ಬರೇ ಎಂದು.

ಇನ್ನು ನಮ್ಮ ಸೋಮವಾರದ ಒಪ್ಪತ್ತಿನ ಕಥೆ. ನಂಜುಂಡೇಶ್ವರನ ಊರಿನಲ್ಲಿ ದುಡಿಯುವವರು ಸೋಮವಾರ ಒಂದು ಹೊತ್ತು ಮಾತ್ರ ಉಣ್ಣುವುದು ಹಿಂದಿನಿಂದ ಬಂದದ್ದು. ನೈಟ್ ಶಿಫ್ಟಿನ ನಾವೂ ಬಿಟ್ಟಿರಲಿಲ್ಲ. ನಮ್ಮ ನೈಟಿನ ವಾರ ಭಾನುವಾರ ರಾತ್ರಿ ಹತ್ತಕ್ಕೆ ಶುರು. ಭಾನುವಾರ ರಾತ್ರಿ ಎರಡು ಗಂಟೆಗೆ, ಅಂದರೆ ಕ್ಯಾಲೆಂಡರಿನಂತೆ ಸೋಮವಾರ, ಕ್ಯಾಂಟೀನಿನಲ್ಲಿ ಕೋಳಿ ಸಾರು. ಅದನ್ನು ಉಣ್ಣಬಹುದು, ಯಾಕೆಂದರೆ ಇನ್ನೂ ಸೂರ್ಯ ಹುಟ್ಟಿಲ್ಲ, ಸೋಮವಾರ ಬಂದಿಲ್ಲ. ಸೋಮವಾರ ಹಗಲೆಲ್ಲ ಹೇಗೂ ನಿದ್ದೆ, ಸಂಜೆ ಎದ್ದು ಒಪ್ಪತ್ತಿನ ಊಟ. ರಾತ್ರಿ ಮತ್ತೆ ಎರಡು ಗಂಟೆಗೆ ಮುದ್ದೆ, ಅನ್ನ, ಸಾರು. ಅದನ್ನೂ ಉಣ್ಣಬಹುದು, ಯಾಕೆಂದರೆ ಹನ್ನೆರಡು ಹೊಡೆದು ಮಂಗಳವಾರ ಆಗಿಹೋಗಿದೆ. ಹೀಗೆ ಒಂದು ತುತ್ತೂ ತಪ್ಪದಂತೆ ನಾವು ಉಪವಾಸ ಮಾಡುತ್ತಿದ್ದೆವು.

ವರ್ಷಕ್ಕೊಮ್ಮೆ ಮೆಡಿಕಲ್ ಚೆಕಪ್ಪು. ಅದು ಮಂಗಳವಾರ ಬಿದ್ದರೆ ನೈಟಿನವರಿಗೆ ಹಬ್ಬ. ನಿನ್ನೆ ಒಪ್ಪತ್ತು ಮಾಡಿದ್ದೇವೆ, ರಕ್ತ ಶುದ್ಧವಾಗಿರುತ್ತದೆ ಎಂದು ಬೆಳಗ್ಗೆ ಆರೂವರೆಗೆ ಎದೆ ಉಬ್ಬಿಸಿಕೊಂಡು ಹೋಗಿ ಕೈ ಚಾಚುತ್ತಿದ್ದರು. ಖಾಲಿ ಹೊಟ್ಟೆಯಾ ಎಂದು ನರ್ಸು ಕೇಳಿದರೆ ‘ಸೋಮಾರದ ಒಪ್ಪತ್ತು ಮೇಡಂ’ ಎಂದು ಭಕ್ತಿಯಿಂದ ಹೇಳುತ್ತಿದ್ದರು. ಎರಡು ಗಂಟೆಯ ಮುದ್ದೆಯ ವಿಷಯ ಯಾರೂ ಎತ್ತುತ್ತಿರಲಿಲ್ಲ. ರಿಪೋರ್ಟಿನಲ್ಲಿ ಶುಗರು ಮೇಲೆ ಬಂದಾಗ ಮಿಷನ್ನೇ ಸರಿಯಿಲ್ಲ ಎಂದು ಲ್ಯಾಬಿನವರನ್ನು ಬೈಯುತ್ತಿದ್ದೆವು.

ಇವರು ಇದನ್ನು ಕೇಳಿ ನಗಲಿಲ್ಲ. ಸೋಮವಾರ ಶುರುವಾಗುವುದಕ್ಕೆ ಸೂರ್ಯನ ಗಡಿಯಾರ, ಮುಗಿಯುವುದಕ್ಕೆ ಗೋಡೆಯ ಗಡಿಯಾರ, ಎರಡರಲ್ಲೂ ಲಾಭ ನಿಮಗೆ, ಲಿವರು ಪಾಪ ಯಾವುದನ್ನು ನೋಡಬೇಕು ಎಂದು ಕೇಳಿದರು. ದೇವರಿಗೇ ಇಲ್ಲದ ತಕರಾರು ಇವರಿಗೇಕೆ ಎಂದು ನಾವು ಮಾತಾಡಿಕೊಂಡೆವು.

ಈಗ ನನ್ನ ಕಥೆಗೆ ಬರಬೇಕು. ತಪ್ಪಿಸಿಕೊಳ್ಳಲು ಇಷ್ಟು ಹೊತ್ತು ನೋಡಿದೆ, ಆಗಲಿಲ್ಲ.

ನಾನು ಕ್ರೇನ್ ಆಪರೇಟರು. ಶೆಡ್ಡಿನ ಮಾಡಿನ ಕೆಳಗೆ ಹಳಿಯ ಮೇಲೆ ಓಡುವ ಕ್ರೇನು, ಅದಕ್ಕೊಂದು ಕ್ಯಾಬಿನ್ನು. ಟನ್ನುಗಟ್ಟಲೆ ಮಾಲು ಎತ್ತಿಕೊಂಡು ಜನರ ತಲೆಯ ಮೇಲೆ ಹೋಗುವವನಿಗೆ ಕಣ್ಣು ಮಂಜಾದರೆ, ತಲೆ ಸುತ್ತಿದರೆ ಕೆಳಗಿನವರ ಗತಿ ಏನು? ಅದಕ್ಕೇ ಶುಗರು ಬಂದವರನ್ನು ನಮ್ಮಲ್ಲಿ ಕ್ರೇನಿನಿಂದ ಇಳಿಸಿ ಪ್ಯಾಕಿಂಗಿಗೆ ಹಾಕುತ್ತಾರೆ, ಮತ್ತೆ ಹತ್ತಿಸುವುದಿಲ್ಲ. ಮೇಲೆ ಕೂತು ಅಭ್ಯಾಸವಾದವನಿಗೆ ನೆಲದ ಮೇಲೆ ಡಬ್ಬಕ್ಕೆ ಪಟ್ಟಿ ಬಿಗಿಯುವ ಕೆಲಸ ಕೊಟ್ಟರೆ ಅವನು ಅರ್ಧ ಸತ್ತ ಹಾಗೆಯೇ.

ಒಂದು ವರ್ಷ ಮೆಡಿಕಲ್ಲಿಗೆ ನಾಲ್ಕು ತಿಂಗಳು ಇರುವಾಗ, ವಿಪರೀತ ಬಾಯಾರಿಕೆ ಎಂದು ನರಸೀಪುರದ ಒಂದು ಲ್ಯಾಬಿನಲ್ಲಿ ಗುಟ್ಟಾಗಿ ರಕ್ತ ಕೊಟ್ಟೆ. ರಿಪೋರ್ಟು ನೋಡಿ ಅಲ್ಲೇ ಊರಿನ ಒಬ್ಬ ಡಾಕ್ಟರ ಬಳಿ ಓಡಿದೆ. ಡಾಕ್ಟರು ಗೆರೆ ದಾಟಿದೆ, ಈಗಲೇ ಹಿಡಿದರೆ ಇಳಿಸಬಹುದು ಎಂದರು. ಮಾರನೇ ದಿನ ಬಸ್ಸಿನಲ್ಲಿ ಟೈಮ್ ಆಫೀಸಿನವರ ಪಕ್ಕ ಹೋಗಿ ಕೂತೆ. ಮೆಡಿಕಲ್ಲಿನ ವಾರ ನನ್ನನ್ನು ಫಸ್ಟ್ ಶಿಫ್ಟಿಗೆ ಹಾಕಿಕೊಡಿ, ಹಿಂದಿನ ರಾತ್ರಿ ನೆಟ್ಟಗೆ ಮಲಗಿ ಎದ್ದು ಬಂದು ರಕ್ತ ಕೊಡುತ್ತೇನೆ ಎಂದು ಬೇಡಿಕೊಂಡೆ.

‘ಚಾರ್ಟು ಅಂದ್ರೆ ಚಾರ್ಟು’ ಎಂದರು. ಅದು ಅವರ ಮಾಮೂಲಿ ಮಾತು, ಸ್ವಂತ ಭಾವಮೈದನಿಗೂ ಅದನ್ನೇ ಹೇಳಿದ್ದವರು. ಆಮೇಲೆ ಕಾಗದ ಇಣುಕುತ್ತಿದ್ದ ನನ್ನ ಅಂಗಿಯ ಜೇಬನ್ನೇ ನೋಡುತ್ತಾ ಕೂತರು. ಕೊನೆಗೆ ನಾನೇ ರಿಪೋರ್ಟು ತೆಗೆದು ಕೊಟ್ಟೆ. ಎರಡು ಸಲ ಓದಿ, ಮಡಿಚಿದ ಗೆರೆಯಲ್ಲೇ ಮಡಿಚಿ ವಾಪಸು ಕೊಟ್ಟರು.

‘ಈ ಚಾರ್ಟು ಬರೆದೋನು ನಾನೇ ಅಲ್ವೇನ್ರೀ ಇನ್ನೂರ ಹದಿನೇಳು’ ಎಂದರು. ‘ಒಂದು ವಾರ ನೈಟು, ಮುಂದಿನ ವಾರ ಸೆಕೆಂಡು, ಆಮೇಲೆ ಫಸ್ಟು. ವಾರವಾರವೂ ಮುಳ್ಳು ಹಿಂದಕ್ಕೆ ತಿರುಗಿಸ್ದಂಗೆ. ಮೈ ಮುಂದಕ್ಕಾದ್ರೆ ಹೆಂಗೋ ಹೋಗುತ್ತೆ, ಹಿಂದಕ್ಕೆ ಹೋಗಲ್ಲ. ಇಷ್ಟು ವರ್ಷ ಸ್ಕೇಲು ಇಟ್ಟು, ಕೆಂಪು ಇಂಕಲ್ಲಿ ಗೆರೆ ಎಳೆದು, ಎಷ್ಟು ನೀಟಾಗಿ ಬರ್ದೆ ಅಂತ ಖುಷಿ ಪಟ್ಟಿದ್ದೀನಿ.’

ನನಗೆ ಅವರ ಪಶ್ಚಾತ್ತಾಪದಲ್ಲಿ ಆಸಕ್ತಿ ಇರಲಿಲ್ಲ. ನನ್ನ ಕ್ರೇನು ಉಳಿಯುತ್ತದಾ ಎಂದು ಕೇಳಿದೆ. ಚಾರ್ಟು ಬದಲಾಗಲ್ಲ, ಹೊಟ್ಟೆ ಬದಲಾಯಿಸಿ ಎಂದರು. ನೈಟಿನ ವಾರ ರಾತ್ರಿ ಬಸ್ಸು ಹತ್ತುವ ಮೊದಲೇ ಮನೆಯಲ್ಲಿ ಊಟ. ಆಮೇಲೆ ಬೆಳಗಾಗುವ ತನಕ ನೀರು, ತೀರಾ ಆದರೆ ಒಂದು ಲೋಟ ಮಜ್ಜಿಗೆ. ಬೆಳಗ್ಗೆ ಹಗುರಾಗಿ ಏನಾದರೂ ತಿಂದು ಮಲಗುವುದು, ಎದ್ದ ಮೇಲೆ ಹಗಲಿನಲ್ಲೇ ದೊಡ್ಡ ಊಟ. ಬೇರೆ ವಾರಗಳಲ್ಲೂ ಹೊತ್ತು ಮುಳುಗಿದ ಮೇಲೆ ಹೊಟ್ಟೆ ತುಂಬಿಸುವಂತಿಲ್ಲ. ಡಾಕ್ಟರು ಹೇಳಿದ ಮಾತ್ರೆ, ನಡಿಗೆ ಎಲ್ಲ ಅದರ ಪಾಡಿಗೆ ನಡೆಯಲಿ ಎಂದರು. ಮನೆಯಲ್ಲಿ ನನ್ನ ಹೆಂಡತಿ ಇದ್ಯಾವ ದೇವರ ಹೊಸ ವ್ರತ ಎಂದು ಕೇಳಿದಳು. ಲಿವರಿನದು ಎಂದೆ.

ಹೊಟ್ಟೆ ಕಟ್ಟುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಅದನ್ನು ಮುಚ್ಚಿಡುವುದು. ಯಾಕೆಂದರೆ ನಾನು ಸಾಮಾನ್ಯ ಮನುಷ್ಯನಲ್ಲ, ಕ್ಯಾಂಟೀನ್ ಕಮಿಟಿಯ ಮೆಂಬರು. ಭಾನುವಾರ ರಾತ್ರಿಯ ಮೊಟ್ಟೆ ಸಾರನ್ನು ಹೋರಾಟ ಮಾಡಿ ಕೋಳಿ ಸಾರಿಗೆ ಏರಿಸಿದ ಧೀರ. ಅಂಥವನು ಕ್ಯಾಂಟೀನಿಗೆ ಹೋಗದಿದ್ದರೆ ಜನ ಏನೆಂದುಕೊಳ್ಳುತ್ತಾರೆ? ಆದ್ದರಿಂದ ಎಲ್ಲರಂತೆ ತಟ್ಟೆ ಹಿಡಿದು ಕೂರುತ್ತಿದ್ದೆ, ಬಡಿಸಿಕೊಂಡದ್ದನ್ನು ಪಕ್ಕದಲ್ಲಿ ಕೂತ ಮಾದೇಶನ ತಟ್ಟೆಗೆ ದಾಟಿಸುತ್ತಿದ್ದೆ. ನಮ್ಮ ಶೆಡ್ಡಿನಲ್ಲಿ ಎರಡು ಕ್ರೇನು, ಒಂದು ಅವನದು, ಒಂದು ನನ್ನದು, ಶಿಫ್ಟು ಇಬ್ಬರಿಗೂ ಒಂದೇ. ‘ನಿಂಗೆ ಬ್ಯಾಡ್ವಾ?’ ಎಂದು ಅವನು ಕೇಳಿದರೆ ಮನೆಯಲ್ಲಿ ಹಬ್ಬದೂಟ ಆಗಿದೆ ಎಂದೋ, ಹಲ್ಲುನೋವು ಎಂದೋ ಹೇಳುತ್ತಿದ್ದೆ. ಅವನು ನಂಬಿ ಉಣ್ಣುತ್ತಿದ್ದ.

ನಾಲ್ಕು ತಿಂಗಳಾದ ಮೇಲೆ ಮೆಡಿಕಲ್ಲು ಬಂತು. ಪಾಸಾದೆ. ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆಯಲ್ಲೂ ಗೆರೆಯ ಕೆಳಗೇ ಇದ್ದೆ. ಕಂಪನಿಯ ಡಾಕ್ಟರು ಆರೋಗ್ಯ ಚೆನ್ನಾಗಿ ಇಟ್ಟುಕೊಂಡಿದ್ದೀರಿ ಎಂದು ಬೆನ್ನು ತಟ್ಟಿದರು. ಟೈಮ್ ಆಫೀಸಿನ ಕಿಟಕಿಯಲ್ಲಿ ಹೋಗಿ ನಿಂತೆ. ಇವರು ರಿಪೋರ್ಟು ಕೇಳಲಿಲ್ಲ. ಎಷ್ಟು ಗಂಟೆಗೆ ಉಂಡಿದ್ದು ಎಂದು ಕೇಳಿ, ಉತ್ತರ ಪಡೆದು, ಮುಂದಿನವನ ಕಡೆ ತಿರುಗಿದರು.

ನನ್ನ ಮೇಲೆ ಪ್ರಯೋಗ ಫಲಿಸಿದ ಮೇಲೆ ಅವರಿಗೆ ಧೈರ್ಯ ಬಂದಿರಬೇಕು. ಮ್ಯಾನೇಜ್‌ಮೆಂಟಿಗೆ ಒಂದು ಅರ್ಜಿ ಬರೆದರು. ಶಿಫ್ಟನ್ನು ಮುಂದಕ್ಕೆ ತಿರುಗಿಸಬೇಕು: ಫಸ್ಟು, ಸೆಕೆಂಡು, ನೈಟು. ರಾತ್ರಿ ಎರಡರ ಪೂರ್ತಿ ಊಟ ನಿಲ್ಲಿಸಿ, ಶಿಫ್ಟಿಗೆ ಬಂದ ತಕ್ಷಣ ಊಟ ಕೊಡಬೇಕು, ನಡುವೆ ಮಜ್ಜಿಗೆಯೋ ಕಡಲೆಯೋ ಸಾಕು. ಈ ಅರ್ಜಿ ಒಂದು ಪವಾಡವನ್ನೇ ಮಾಡಿತು. ಹುಟ್ಟಿದಾಗಿನಿಂದ ಕಚ್ಚಾಡುತ್ತಿದ್ದ ಯೂನಿಯನ್ನು ಮತ್ತು ಮ್ಯಾನೇಜ್‌ಮೆಂಟು ಮೊದಲ ಸಲ ಒಂದಾದವು. ಮ್ಯಾನೇಜ್‌ಮೆಂಟಿಗೆ ಕಂಪ್ಯೂಟರಿನ ಚಾರ್ಟು ಬದಲಾಯಿಸುವ ತಲೆನೋವು ಬೇಡ. ನಮಗೆ ನೈಟಿನ ವಾರ ಮುಗಿದ ಮೇಲೆ ಸಿಗುತ್ತಿದ್ದ ಉದ್ದನೆಯ ಬಿಡುವು ಹೋಗುತ್ತದೆ. ಹಳೆಯ ಚಾರ್ಟಿನಲ್ಲಿ ಶನಿವಾರ ಬೆಳಗ್ಗೆ ಬಿಟ್ಟರೆ ಸೋಮವಾರ ಮಧ್ಯಾಹ್ನ ಬಂದರೆ ಸಾಕು, ಸೋಮವಾರ ಬೆಳಗ್ಗೆ ದೇವಸ್ಥಾನಕ್ಕೂ ಹೋಗಿ ಬರಬಹುದು. ಹೊಸ ಚಾರ್ಟಿನಲ್ಲಿ ಸೋಮವಾರ ಬೆಳಗ್ಗೆಯೇ ಡ್ಯೂಟಿ. ದೇವರನ್ನೂ ಕೋಳಿಯನ್ನೂ ಒಟ್ಟಿಗೆ ಕಿತ್ತುಕೊಳ್ಳುತ್ತಾರೆ ಎಂದು ಜನ ಕೆರಳಿದರು.

ಇದರ ವಿರುದ್ಧ ಒಂದು ಮನವಿ ಪತ್ರ ಸಿದ್ಧವಾಯಿತು. ‘ಕಾರ್ಮಿಕನ ನಡುರಾತ್ರಿಯ ಬಿಸಿ ಅನ್ನಕ್ಕೆ ಕೈ ಹಾಕಬೇಡಿ’ ಎಂದು ಶುರುವಾಗುವ, ಓದಿದವರ ಕಣ್ಣು ಒದ್ದೆಯಾಗುವಂಥ ಪತ್ರ. ಬರೆದವನು ನಾನು. ಸಂಜೆ ಎಂಟರೊಳಗೆ ಉಂಡು, ಬಾಯಿ ತೊಳೆದು, ಬಸ್ಸಿನಲ್ಲಿ ಕೂತು ಬರೆದೆ.

ಸಭೆ ನಡೆದದ್ದು ಅದೇ ಉಪನ್ಯಾಸದ ಹಾಲಿನಲ್ಲಿ, ಎರಡನೇ ಶಿಫ್ಟು ಶುರುವಾಗುವ ಮೊದಲು. ಈ ಸಲ ಯಾರೂ ನಿದ್ದೆ ಮಾಡಲಿಲ್ಲ. ಇವರು ದೊಡ್ಡ ಡ್ರಾಯಿಂಗ್ ಶೀಟಿನಲ್ಲಿ ಸ್ಕೆಚ್ ಪೆನ್ನಿನಿಂದ ಮನುಷ್ಯನ ಮೈ ಬರೆದು, ತಲೆಯಲ್ಲಿ ಒಂದು ಗಡಿಯಾರ, ಲಿವರಿನಲ್ಲಿ ಒಂದು ಗಡಿಯಾರ ಅಂಟಿಸಿಕೊಂಡು ಬಂದಿದ್ದರು. ಬಲಗಡೆ ಇರಬೇಕಾದ ಲಿವರನ್ನು ಮೈಯ ಎಡಗಡೆ ಬರೆದಿದ್ದರು. ಹಿಂದಿನ ಸಾಲಿನಿಂದ ಯಾರೋ ಅದನ್ನು ಎತ್ತಿ ಆಡಿದರು, ಹಾಲೆಲ್ಲ ನಕ್ಕಿತು.  ಆದರೂ ಅವರು ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿದರು. ಮೂಗೂರಿನ ಕಡೆಯವರಾದ ನಮ್ಮ ಯೂನಿಯನ್ ಸೆಕ್ರೆಟರಿ ಎದ್ದು ನನ್ನ ಪತ್ರವನ್ನು ಓದಿದರು. ಚಪ್ಪಾಳೆ ಬಿತ್ತು. ಮಾದೇಶ ಎಲ್ಲರಿಗಿಂತ ಜೋರಾಗಿ ತಟ್ಟಿದ.

ಆಗ ಎಚ್.ಆರ್. ಮ್ಯಾನೇಜರು ಒಂದು ಮಾತು ಕೇಳಿದರು. ಆ ಮನುಷ್ಯನೇನೂ ಕೆಟ್ಟವನಲ್ಲ. ಓದಿದ್ದು ಇರಲಿ, ನಮ್ಮ ಫ್ಯಾಕ್ಟರಿಯಲ್ಲೇ ಹೀಗೆ ಮಾಡಿ ಅನುಕೂಲ ಆದವರು ಯಾರಾದರೂ ಇದ್ದಾರಾ, ಒಬ್ಬರೇ ಒಬ್ಬರಾದರೂ ಇದ್ದರೆ ಹೇಳಿ, ಮೂರು ತಿಂಗಳು ನೋಡೋಣ ಎಂದರು.

ನಾನು ಎರಡನೇ ಸಾಲಿನಲ್ಲಿದ್ದೆ. ಅವರಿಗೂ ನನಗೂ ನಡುವೆ ನಾಲ್ಕು ಹೆಜ್ಜೆಯೂ ಇರಲಿಲ್ಲ. ನನ್ನ ನಂಬರು ಹೇಳಿದ್ದರೆ ಸಾಕಿತ್ತು, ಅವರ ಚಾರ್ಟು ಗೆಲ್ಲುತ್ತಿತ್ತು. ನನ್ನ ಶುಗರು ಗೆರೆ ದಾಟಿದ್ದು, ಅದನ್ನು ನಾನು ಮುಚ್ಚಿಟ್ಟದ್ದು ಹೊರಗೆ ಬಂದು ಅವತ್ತೇ ಕ್ರೇನಿನಿಂದ ಇಳಿಯುತ್ತಿದ್ದೆ. ಅವರು ನನ್ನ ಕಡೆ ನೋಡಲೇ ಇಲ್ಲ. ಬೆರಳನ್ನು ನಾಲಗೆಗೆ ತಾಗಿಸಿ, ಕೈಯಲ್ಲಿದ್ದ ಕಾಗದಗಳನ್ನು ಒಂದೊಂದಾಗಿ ತಿರುಗಿಸಿದರು, ಅವುಗಳಲ್ಲಿ ಹೆಸರು ಹುಡುಕುತ್ತಿರುವವರ ಹಾಗೆ. ನಾನು ಎದ್ದು ನಿಲ್ಲಬಹುದಿತ್ತು. ನಿಲ್ಲಲಿಲ್ಲ.

‘ಯಾರೂ ಇಲ್ಲ ಸಾ’ ಎಂದರು.

ಸಭೆ ಮುಗಿಯಿತು. ಡ್ರಾಯಿಂಗ್ ಶೀಟು ಸುತ್ತಿಕೊಂಡು ಹೊರಗೆ ಬಂದವರನ್ನು ಜನ ಕೋಳಿಯಂತೆ ಕೂಗಿ ಕಳಿಸಿಕೊಟ್ಟರು. ನಾನು ಕೂಗಲಿಲ್ಲ ಎಂದು ಬರೆದರೆ ನಂಬುತ್ತೀರೋ ಇಲ್ಲವೋ, ನಿಜವಾಗಿ ಕೂಗಲಿಲ್ಲ. ಅಷ್ಟು ಮಟ್ಟಿಗೆ ನಾನು ಒಳ್ಳೆಯವನು. ಮಾರನೇ ವಾರ ಬಸ್ಸಿನಲ್ಲಿ ಅವರ ಪಕ್ಕದ ಸೀಟು ಖಾಲಿ ಇದ್ದರೂ ಹಿಂದೆ ಹೋಗಿ ಕೂತೆ. ಇಳಿಯುವಾಗ ಅವರೇ ನಿಂತು, ಎಷ್ಟು ಗಂಟೆಗೆ ಉಂಡಿರಿ ಎಂದು ಕೇಳಿದರು. ಹೇಳಿದೆ. ‘ಸರಿ’ ಎಂದರು. ಆ ವಿಷಯದಲ್ಲಿ ನಮ್ಮಿಬ್ಬರ ನಡುವೆ ನಡೆದ ಮಾತು ಅಷ್ಟೇ.

ಎರಡು ವರ್ಷಕ್ಕೆ ರಿಟೈರಾದರು. ಬೀಳ್ಕೊಡುಗೆಯಲ್ಲಿ ಕಾರ್ಮಿಕರ ಪರವಾಗಿ ಅಭಿನಂದನಾ ಪತ್ರ ಓದಿದವನೂ ನಾನೇ, ಇಂಥ ಕೆಲಸಕ್ಕೆಲ್ಲ ನನ್ನನ್ನೇ ಕರೆಯುತ್ತಾರೆ. ನಿಷ್ಠೆ, ಸಮಯಪಾಲನೆ, ಸರಳತೆ ಎಂದೆಲ್ಲ ಬರೆದಿದ್ದೆ, ಲಿವರಿನ ವಿಷಯ ಬಿಟ್ಟಿದ್ದೆ. ಕೊನೆಗೆ ಸಾಯಂಕಾಲ ಏಳೂವರೆಗೆ ಊಟ ಎಂದಾಗ ಅವರು ಕೈಮುಗಿದು ಮನೆಗೆ ಹೊರಟರು. ಅವರ ಬೀಳ್ಕೊಡುಗೆಯ ಊಟವನ್ನು ಅವರಿಲ್ಲದೆ ನಾವು ಉಂಡೆವು.

ಮಾದೇಶನಿಗೆ ಶುಗರು ಬಂದದ್ದು ಅದರ ಮುಂದಿನ ವರ್ಷದ ಮೆಡಿಕಲ್ಲಿನಲ್ಲಿ. ಅದೂ ಚೆನ್ನಾಗಿಯೇ ಬಂದಿತ್ತು, ಸಂದೇಹಕ್ಕೆ ಜಾಗವಿಲ್ಲದಂತೆ. ಹದಿನಾರು ವರ್ಷ ನಡೆಸಿದ ಕ್ರೇನಿನಿಂದ ಒಂದೇ ದಿನದಲ್ಲಿ ಇಳಿಸಿ ಪ್ಯಾಕಿಂಗಿಗೆ ಹಾಕಿದರು. ಮೊದಲ ದಿನಗಳಲ್ಲಿ ನಾನು ಮೇಲೆ ಹೋಗುವಾಗ ಅವನು ಕೆಳಗಿನಿಂದ ಕೈ ಬೀಸುತ್ತಿದ್ದ. ಆಮೇಲೆ ತಲೆ ಎತ್ತುವುದು ಬಿಟ್ಟ.

ಹೋದ ವಾರ ಸೋಸಲೆಯಲ್ಲಿ ಅವರ ತಿಥಿಯ ಊಟಕ್ಕೆ ನಾವಿಬ್ಬರೂ ಹೋಗಿದ್ದೆವು. ಪುರೋಹಿತರು ತಡವಾಗಿ ಬಂದದ್ದರಿಂದ ಎಲೆ ಹಾಕುವಾಗ ಮೂರೂವರೆ ದಾಟಿತ್ತು. ಆ ಮನೆಯಲ್ಲಿ ಅಷ್ಟು ಹೊತ್ತಿಗೆ ಊಟ ನಡೆದದ್ದು ಅದೇ ಮೊದಲಿರಬೇಕು. ಉಂಡು, ಅವರ ಹೆಂಡತಿಗೆ ಕೈಮುಗಿದು, ಬಂದು ಬಸ್ ಸ್ಟಾಪಿನಲ್ಲಿ ನಿಂತೆವು. ಬಸ್ಸು ಬರುವುದು ತಡವಿತ್ತು. ಮಾದೇಶ ಜೇಬಿನಿಂದ ಮಾತ್ರೆ ತೆಗೆದು ನುಂಗಿ ನೀರು ಕುಡಿದ.

‘ನಿಂದು ಪುಣ್ಯ ಕಣ್ಲಾ’ ಎಂದ. ‘ನಾನೂ ನೀನೂ ಒಂದೇ ತಟ್ಟೇಲಿ ಉಂಡೋರು. ನಿಂಗೆ ಏನೂ ಬರ್ನಿಲ್ಲ.’

ಅವನ ದನಿಯಲ್ಲಿ ಹೊಟ್ಟೆಕಿಚ್ಚು ಒಂದು ಚೂರೂ ಇರಲಿಲ್ಲ. ಇದ್ದಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ. ಎಲ್ಲ ಹೇಳಿಬಿಟ್ಟೆ. ಗುಟ್ಟಿನ ರಿಪೋರ್ಟು, ಎಂಟು ಗಂಟೆಯ ಊಟ, ಹಲ್ಲುನೋವು, ಪತ್ರ, ಸಭೆಯಲ್ಲಿ ಅವರು ‘ಯಾರೂ ಇಲ್ಲ’ ಎಂದದ್ದು ಯಾರನ್ನು ಉಳಿಸಲು ಎಂಬುದು. ‘ಹಂಗಾರೆ ಆ ಹಲ್ಲುನೋವಿನ ದಿನ ನೀನು ಎಷ್ಟು ಗಂಟೆಗೆ ಉಂಡಿದ್ದೆ?’ ಎಂದು ಕೇಳಿ, ಮಾದೇಶ ಟೈಮ್ ಆಫೀಸಿನವರ ಹಾಗೆಯೇ ಉತ್ತರಕ್ಕೆ ಕಾಯುತ್ತಾ ನಿಂತ.